ಮಂಗಳಾರತಿಗೆ ಎದ್ದ ಭರಮಪ್ಪ

ಸಂಡೂರು, ಕಂಪ್ಲಿ, ಹೊಸಪೇಟೆ ಈ ಮೂರು ಊರುಗಳ ಕಾಲೇಜುಗಳಲ್ಲಿ ಕನ್ನಡ ಪಾಠ ಹೇಳುತ್ತ ಗಾಣದೆತ್ತಿನ ಹಾಗೆ ಸುತ್ತಿ ನಿವೃತ್ತಳಾದವಳು ನಾನು. ಈಗ ಹೊಸಪೇಟೆಯ ಮನೆಯಲ್ಲಿ ಕೂತಿರುವಾಗ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಬಂದು, "ಮೇಡಂ, ದುರಂತ ನಾಟಕ ಹೆಂಗ ಪಾಠ ಮಾಡ್ಬೇಕ್ರಿ?" ಎಂದು ಕೇಳುತ್ತಾರೆ. ಅವರ ಕಷ್ಟ ನನಗೆ ಗೊತ್ತು. ಕವಿತೆಯಾದರೆ ರಾಗವಾಗಿ ಓದಿ ಅರ್ಧ ಗಂಟೆ ತಳ್ಳಬಹುದು, ಕಥೆಯಾದರೆ ಕಥೆ ಹೇಳಿ ಮುಗಿಸಬಹುದು. ದುರಂತ ನಾಟಕಕ್ಕೆ ಪಾತ್ರ, ಆಶಯ, ನಾಯಕನ ದೋಷ ಎಂದು ನೂರೆಂಟು ಕೊಕ್ಕೆ. ನನ್ನ ಅನುಭವವನ್ನು ಇದ್ದಂತೆ ಬರೆದಿಡುತ್ತೇನೆ. ಬೇಕಾದ್ದು ತಗೊಳ್ಳಿ, ಬೇಡವಾದ್ದು ಬಿಡಿ.

ನನ್ನ ಕಾಲದುದ್ದಕ್ಕೂ ಪಠ್ಯದಲ್ಲಿ ಮತ್ತೆ ಮತ್ತೆ ಬಂದದ್ದು ಒಂದೇ ನಾಟಕ. ಅದರ ನಿಜವಾದ ಹೆಸರು ವಿದ್ಯಾರ್ಥಿಗಳಿಗೂ ನೆನಪಿರುತ್ತಿರಲಿಲ್ಲ, ಎಲ್ಲರೂ ಅದನ್ನು 'ಭರಮಪ್ಪ' ಎಂದೇ ಕರೆಯುತ್ತಿದ್ದರು. ಭರಮಪ್ಪ ಒಂದು ಊರಿನ ನೀರಗಂಟಿ, ಅಂದರೆ ಕಾಲುವೆಯ ತೂಬು ಕಾಯ್ದು ಹೊಲಹೊಲಕ್ಕೆ ಪಾಳಿಯ ಪ್ರಕಾರ ನೀರು ಬಿಡುವವನು. ಪಾಳಿ ತಪ್ಪಿಸುವುದೆಂದರೆ ಅವನಿಗೆ ಪಾಪ. ಒಂದು ದಿನ ಅವನ ಮಗನೇ ಕದ್ದು ತೂಬು ಎತ್ತುತ್ತಾನೆ. ಭರಮಪ್ಪ ಮಗನನ್ನು ಪಂಚರ ಮುಂದೆ ನಿಲ್ಲಿಸುತ್ತಾನೆ. ಅವಮಾನ ತಾಳಲಾರದೆ ಮಗ ಕಾಲುವೆಗೆ ಹಾರುತ್ತಾನೆ. ಕೊನೆಗೆ ಭರಮಪ್ಪ ಎಲ್ಲ ತೂಬುಗಳನ್ನೂ ಎತ್ತಿ, ಅದೇ ನೀರಿಗೆ ಇಳಿಯುತ್ತಾನೆ. ಅವನ ಹೆಣವನ್ನು ಅಂಗಳದಲ್ಲಿ ತಂದು ಮಲಗಿಸುತ್ತಾರೆ. ಹೆಂಡತಿ ಹೊನ್ನವ್ವನಿಗೆ ಅಲ್ಲಿ ಒಂದು ಮಾತೂ ಇಲ್ಲ. 'ಹೊನ್ನವ್ವ ಹೆಣದ ಬಳಿ ಕೂರುತ್ತಾಳೆ, ತೆರೆ' ಎಂದಷ್ಟೇ ಪುಸ್ತಕದಲ್ಲಿದೆ.

ಇದನ್ನು ನಾನು ಮೊದಲು ಪಾಠ ಮಾಡಿದ್ದು ಸಂಡೂರಿನಲ್ಲಿ. ಯಶವಂತನಗರದ ಕಡೆಯ ಹುಡುಗರು ಅದಿರು ಲಾರಿಗಳ ಹಿಂದೆ ಬಸ್ಸಿನಲ್ಲಿ ಬಂದು ಇಳಿದರೆ ಕೆಂಪು ಧೂಳಿನಲ್ಲಿ ಬಿಳಿ ಅಂಗಿ ಯಾವುದು, ಕೆಂಪು ಅಂಗಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ಆಗಷ್ಟೇ ಎಂ.ಎ. ಮುಗಿಸಿದ್ದ ನಾನು ದುರಂತದ ತತ್ವವನ್ನೆಲ್ಲ ಅರೆದು ಕುಡಿದಿದ್ದೆ. ಕರುಣೆ, ಭಯ, ಚಿತ್ತಶುದ್ಧಿ ಎಂದು ಒಂದು ವಾರ ಮಾತಾಡಿದೆ. ವಾರದ ಕೊನೆಗೆ ಒಬ್ಬ ಹುಡುಗ ಎದ್ದು ನಿಂತು, ತುಂಬ ಮರ್ಯಾದೆಯಿಂದ, "ಮೇಡಂ, ಪಾಠ ಯಾವಾಗ ಶುರು ಮಾಡ್ತೀರಿ?" ಎಂದ. ಪಾಠವೆಂದರೆ ನೋಟ್ಸ್ ಎಂದು ನನಗೆ ಅಂದು ಗೊತ್ತಾಯಿತು.

ಅಂದಿನಿಂದ ಬರೆಸಿದೆ. ಭರಮಪ್ಪನ ಪಾತ್ರಕ್ಕೆ ಹತ್ತು ಅಂಶ, ಮೊದಲನೆಯದು 'ಹಠವಾದಿ'. ಹೊನ್ನವ್ವನಿಗೆ ಮೂರೇ ಅಂಶ: ಪತಿವ್ರತೆ, ತಾಳ್ಮೆಯ ಮೂರ್ತಿ, ಅಪ್ರಧಾನ ಪಾತ್ರ. ಮೂರಕ್ಕಿಂತ ಹೆಚ್ಚು ಬರೆಸಿದರೆ ವಿದ್ಯಾರ್ಥಿಗಳು, "ಆಕಿ ಬರೇ ಶಾರ್ಟ್ ನೋಟ್ಸಿಗೆ ಬರಾಕಿ ರೀ" ಎಂದು ಪೆನ್ನು ಕೆಳಗಿಡುತ್ತಿದ್ದರು. ಮೌಲ್ಯಮಾಪನಕ್ಕೆ ಹೋದರೆ ಎಲ್ಲ ಊರಿನ ಉತ್ತರ ಪತ್ರಿಕೆಗಳಲ್ಲೂ ಅವೇ ಅಂಶಗಳು. ಒಬ್ಬ ಮಾತ್ರ, 'ಹೊನ್ನವ್ವನು ತಾಳ್ಮೆಯ ಮೂರ್ತಿಯನ್ನು ತೂಬಿನ ಹತ್ತಿರ ಪ್ರತಿಷ್ಠಾಪಿಸಿದಳು' ಎಂದು ಬರೆದಿದ್ದ. ಉಳಿದವರು ನೆನಪಿನಿಂದ ಬರೆದಿದ್ದರು, ಇವನೊಬ್ಬ ಯೋಚನೆ ಮಾಡಿದ್ದನಲ್ಲ ಎಂದು ನಾನು ಅರ್ಧ ಅಂಕ ಕೊಟ್ಟೆ. ಮುಖ್ಯ ಮೌಲ್ಯಮಾಪಕರು ಅದನ್ನು ಕಿತ್ತುಕೊಂಡರು.

ಪಾಠದಲ್ಲಿ ಜೀವ ತುಂಬಬೇಕೆಂಬ ಹುಮ್ಮಸ್ಸು ಒಂದೆರಡು ಸಲ ಬಂದದ್ದುಂಟು. ಒಮ್ಮೆ ಇಡೀ ತರಗತಿಯನ್ನು ಹಂಪಿಗೆ ಕರೆದುಕೊಂಡು ಹೋಗಿ, ಮುರಿದ ಮಂಟಪವೊಂದರಲ್ಲಿ ಕೂರಿಸಿ, ಪತನ ಎಂದರೇನು ಎಂದು ವಿವರಿಸಲು ಹೊರಟೆ. ವಿದ್ಯಾರ್ಥಿಗಳು ಬುತ್ತಿ ಬಿಚ್ಚಿದರು. ಒಂದು ಕೋತಿ ಬಂದು ನನ್ನ ಚೀಲ ಕಿತ್ತುಕೊಂಡು ಗೋಪುರ ಹತ್ತಿತು, ನೋಟ್ಸನ್ನು ಹೊರತೆಗೆದು ಮೂಸಿ ನೋಡಿ ಕೆಳಕ್ಕೆ ಎಸೆಯಿತು. ನನ್ನ ನೋಟ್ಸನ್ನು ಬೇಡವೆಂದ ಮೊದಲ ಓದುಗ ಅದೇ. ವಿದ್ಯಾರ್ಥಿಗಳು ಹಾಳೆಗಳನ್ನೆಲ್ಲ ಆರಿಸಿ ತಂದು, ಕ್ರಮವಾಗಿ ಜೋಡಿಸಿ, ಕಾಲೇಜಿನ ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸಿಕೊಂಡರು.

ಆ ಜೆರಾಕ್ಸ್ ಮುಂದೆ ಗೈಡ್ ಆಯಿತು, ಗೈಡ್ ಫೋನಿನೊಳಗೆ ಹೋಯಿತು. ಈಚೆಗೆ ಪಕ್ಕದ ಮನೆಯ ಹುಡುಗಿ ಫೋನಿಗೆ, "ಭರಮಪ್ಪನ ಪಾತ್ರ ಚಿತ್ರಣ ಹೇಳು" ಎಂದಳು. ಅದು ಒಂದೇ ಉಸಿರಿಗೆ ಹತ್ತು ಅಂಶ ಹೇಳಿತು. ಮೊದಲನೆಯದು ಹಠ. ನಾನು ಬಡ್ತಿಗಾಗಿ ವರ್ಷಗಟ್ಟಲೆ ಕಾದೆ, ನನ್ನ ನೋಟ್ಸ್ ಮಾತ್ರ ಯಾರ ಸಹಿಗೂ ಕಾಯಲಿಲ್ಲ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಅದು ನಡೆದದ್ದು ಕಂಪ್ಲಿಯಲ್ಲಿ. ಅಲ್ಲಿ ನಮ್ಮ ಪ್ರಾಂಶುಪಾಲರು ಮಿತವ್ಯಯಕ್ಕೆ ಹೆಸರಾದವರು. ವಾರ್ಷಿಕೋತ್ಸವ ಹತ್ತಿರ ಬಂದಾಗ ನನ್ನನ್ನು ಕರೆದು, "ಮೇಡಂ, ಪಠ್ಯದ ನಾಟಕನ ಆಡಿಸಿಬಿಡ್ರಿ. ಸಿಲೆಬಸ್ ಮುಗಿದಂಗೂ ಆತು, ಕಾರ್ಯಕ್ರಮನೂ ಆತು" ಎಂದರು. ನಾನು ಖುಷಿಯಿಂದ ಒಪ್ಪಿದೆ. ಭರಮಪ್ಪನ ಪಾತ್ರಕ್ಕೆ ಕರಡಿಧಾಮವಿರುವ ದರೋಜಿ ಕಡೆಯ ಬಸವರಾಜ ಸಿಕ್ಕ. ಎತ್ತರದ ಆಳು, ಮೈತುಂಬ ಕೂದಲು, ಊರಿಗೆ ತಕ್ಕಂತೆ ಗೆಳೆಯರು ಅವನನ್ನು ಕರಡಿ ಎಂದು ಕರೆಯುತ್ತಿದ್ದರು. ಹೊನ್ನವ್ವ ಮಾತ್ರ ಸಿಗಲಿಲ್ಲ. ಹೆಣ್ಣುಮಕ್ಕಳನ್ನು ಕೇಳಿದರೆ ಎಲ್ಲರೂ ತಲೆ ತಗ್ಗಿಸಿ ಬೆಂಚಿನ ಮೇಲೆ ಉಗುರಿನಿಂದ ಗೀರುತ್ತ ಕೂತರು.

ಕಾರಣ ಆ ಸೀಮೆಯವರಿಗೆ ಹೇಳಬೇಕಾಗಿಲ್ಲ. ಹಳ್ಳಿಗಳಲ್ಲಿ ಗಂಡಸರು ನಾಟಕ ಕಲಿಯುತ್ತಾರೆ, ಹೆಣ್ಣಿನ ಪಾತ್ರಕ್ಕೆ ಬೇರೆ ಊರಿನಿಂದ ಸಂಬಳ ಕೊಟ್ಟು ಕಲಾವಿದೆಯರನ್ನು ಕರೆಸುತ್ತಾರೆ. ಅವರ ಪಾತ್ರಕ್ಕೆ ಶಿಳ್ಳೆ ಹಾಕುವ ಜನ ತಮ್ಮ ಮನೆಯ ಹೆಣ್ಣುಮಗಳು ರಂಗಕ್ಕೆ ಹತ್ತುವುದನ್ನು ಕನಸಿನಲ್ಲೂ ಒಪ್ಪುವುದಿಲ್ಲ. ಹಾಗಿರುವಾಗ ಕೊನೆಯ ವರ್ಷದ ಹುಲಿಗೆಮ್ಮ ತಾನಾಗಿ ಬಂದು, "ನಾ ಮಾಡ್ತೀನ್ರಿ ಮೇಡಂ. ಆದ್ರ ನಮ್ಮಪ್ಪನ್ನ ನೀವ ಒಪ್ಪಿಸ್ಬೇಕು. ಕೇಳದ ಮಾಡಿದ್ರ ಕಾಲೇಜ್ ಬಿಡಸ್ತಾನ" ಎಂದಳು. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ಮನೆಯಲ್ಲಿ ವರ ನೋಡುವ ಮಾತು ಆಗಲೇ ಶುರುವಾಗಿತ್ತು. ಅಪ್ಪನಿಗೆ ಒಂದು ನೆಪ ಸಿಕ್ಕರೆ ಸಾಕಿತ್ತು.

ಭಾನುವಾರ ಅವರ ಹಳ್ಳಿಗೆ ಹೋದೆ. ತಂದೆ ಹನುಮಂತಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದವನು. "ಬರ್ರಿ ಮೇಡಮ್ನೋರ, ಕುಂದ್ರಿ" ಎಂದು ಕುರ್ಚಿ ಒರೆಸಿ ಕೊಟ್ಟ. ಒಳಗಿನಿಂದ ಅವನ ಹೆಂಡತಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ಗೋಡೆಯ ಮೇಲೆ ನೋಡಿದರೆ ಬಣ್ಣ ಹಚ್ಚಿದ, ಕತ್ತಿ ಹಿಡಿದ, ರುಮಾಲು ಸುತ್ತಿದ ಹನುಮಂತಪ್ಪನ ಫೋಟೋಗಳು ಸಾಲಾಗಿ ನೇತಾಡುತ್ತಿದ್ದವು. ಸುತ್ತ ಹಳ್ಳಿಗಳಲ್ಲಿ ಅವನು ಹೆಸರುವಾಸಿ ಪಾತ್ರಧಾರಿ. ತಮ್ಮಂದಿರಿಗಾಗಿ ಪ್ರಾಣ ಕೊಡುವ ಅಣ್ಣನ ಪಾತ್ರ ಅವನಿಗೇ ಮೀಸಲು. ನನ್ನ ಕೆಲಸ ಸುಲಭವಾಯಿತು ಎಂದುಕೊಂಡೆ.

"ನೀವೇ ಕಲಾವಿದರು, ಮಗಳಿಗೆ ಬೇಡ ಅಂತೀರಾ?" ಎಂದೆ.

"ಕಲಾವಿದ ಅಂತನ ಬ್ಯಾಡ ಅಂತೀನ್ರಿ" ಎಂದ ಹನುಮಂತಪ್ಪ. "ನಾಟಕದಾಕಿ ಬಗ್ಗೆ ಮರುದಿನ ಹೋಟೆಲ್ನ್ಯಾಗ ಕುಂತು ಏನ್ ಮಾತಾಡ್ತಾರ ಅಂತ ನನಗ ಗೊತ್ತೈತಿ. ಮಾತಾಡಾರ ಪೈಕಿ ನಾನೂ ಒಬ್ಬ."

"ಹಂಗಾದ್ರೆ ನೀವು ಬಾಯಿ ಮುಚ್ಚಿದ್ರೆ ಒಬ್ಬರು ಕಡಿಮೆ ಆದಂಗಾಯ್ತು."

ಅವನು ನಕ್ಕ. ಹುಲಿಗೆಮ್ಮನ ತಾಯಿಯೂ ಬಾಗಿಲ ಮರೆಯಲ್ಲಿ ನಕ್ಕದ್ದು ಕೇಳಿಸಿತು. ನಾನು ಮಗಳಿಂದ ಮೊದಲ ದೃಶ್ಯದ ಹೊನ್ನವ್ವನ ನಾಲ್ಕು ಮಾತು ಹೇಳಿಸಿದೆ. ಹನುಮಂತಪ್ಪ ಕಣ್ಣು ಮುಚ್ಚಿ ಕೇಳಿ, "ಗಂಟ್ಲು ನಂದ ಐತಿ" ಎಂದ. ಅಷ್ಟಕ್ಕೆ ಮುಗಿಯಿತೆಂದು ನಾನು ಏಳುವಷ್ಟರಲ್ಲಿ, ಕೊನೆಗೆ ಏನಾಗುತ್ತದೆ ಎಂದು ವಿಚಾರಿಸಿದ. ಭರಮಪ್ಪ ಸಾಯುತ್ತಾನೆ ಎಂದೆ.

"ಸಾಯ್ಲಿ ಬಿಡ್ರಿ, ನಾ ಎಷ್ಟು ಸಲ ಸತ್ತಿಲ್ಲ. ಮಂಗಳಕ್ಕ ಏಳ್ತಾನಲ್ಲ?"

ಇಲ್ಲ, ಅಲ್ಲಿಗೇ ತೆರೆ ಎಂದೆ. ಅವನ ಮುಖ ಬದಲಾಯಿತು. ಅವರ ಕಡೆಯ ಪದ್ಧತಿಯಲ್ಲಿ ಯಾರು ಸತ್ತರೂ ಕೊನೆಗೆ ಎದ್ದು, ಎಲ್ಲ ಪಾತ್ರಧಾರಿಗಳ ಜೊತೆ ಸಾಲಾಗಿ ನಿಂತು, ಆರತಿ ಎತ್ತಿ ಮಂಗಳದ ಪದ ಹಾಡಬೇಕು. ಕಾಯಿ ಒಡೆಯಬೇಕು. ಆಮೇಲೆಯೇ ಬಣ್ಣ ತೊಳೆಯುವುದು. "ಇವ್ರು ನಾಟಕದಾಗ ಸತ್ತು ಮನಿಗೆ ಬಂದಾಗೆಲ್ಲ ನಾ ದೃಷ್ಟಿ ತಗದ ಒಳಗ ಕರಕೊಳ್ಳಾದ್ರಿ" ಎಂದಳು ತಾಯಿ.

"ಮದುವಿ ಆಗದ ಹುಡುಗಿ, ಸ್ಟೇಜ್ ಮ್ಯಾಲೆ ಗಂಡನ್ನ ಕಳಕೊಂಡು ಹಂಗ ಮನಿಗೆ ಬಂದ್ರ ಹೆಂಗ್ರಿ?" ಎಂದ ಹನುಮಂತಪ್ಪ. "ಸತ್ತಾತ ಎದ್ದು ಆರತಿ ಹಿಡಿಬೇಕು. ಆಕಿ ಹಣಿ ಮ್ಯಾಲಿನ ಕುಂಕುಮ ಅಳಿಸಬಾರದು. ಇಷ್ಟು ನಡಿಸಿಕೊಡ್ತೀರಂದ್ರ ಮಾಡ್ಲಿ. ತಪ್ಪಿತು ಅಂದ್ರ ಮರುದಿನ ನಾನ ಬಂದು ಟಿ.ಸಿ. ಒಯ್ತೀನಿ."

ದುರಂತ ನಾಯಕನನ್ನು ಬದುಕಿಸುವುದೇ? ನಾನು ಪ್ರಾಂಶುಪಾಲರ ಬಳಿ ಹೋಗಿ ಅಳಲು ತೋಡಿಕೊಂಡೆ. ಅವರು ಗಾಬರಿಯಾಗಿ, "ಏನು, ಸಾಯ್ತಾನಾ? ಅತಿಥಿಗಳು ಬಂದಾಗ ಯಾರೂ ಸಾಯೋದು ಬ್ಯಾಡ್ರಿ ಮೇಡಂ" ಎಂದರು. ಪುಸ್ತಕ ಪಠ್ಯವಾಗಿ ವರ್ಷಗಳಾಗಿದ್ದರೂ ಅದರ ಕೊನೆ ಅವರಿಗೆ ತಿಳಿದದ್ದು ಅಂದೇ. ಹನುಮಂತಪ್ಪನ ಷರತ್ತು ಹೇಳಿದಾಗ, "ಬುದ್ಧಿವಂತ ಮನಷ್ಯಾ" ಎಂದು ಮೆಚ್ಚಿ, ಮಂಗಳಕ್ಕೆ ತಾವೂ ಸಾಲಿನಲ್ಲಿ ನಿಲ್ಲುವುದಾಗಿ ಹೇಳಿದರು. ಹೀಗೆ ನಾಟಕಕಾರನನ್ನು ಬಿಟ್ಟು ಉಳಿದವರೆಲ್ಲ ಒಮ್ಮತಕ್ಕೆ ಬಂದೆವು. ಹುಲಿಗೆಮ್ಮ ಕಾಲೇಜಿನಲ್ಲಿ ಉಳಿಯುವುದು ನನಗೆ ದುರಂತ ತತ್ವಕ್ಕಿಂತ ದೊಡ್ಡದಾಗಿ ಕಂಡಿತು, ಈಗಲೂ ಹಾಗೇ ಕಾಣುತ್ತದೆ.

ತಾಲೀಮಿನಲ್ಲಿ ಹುಲಿಗೆಮ್ಮ ಒಂದೇ ಪ್ರಶ್ನೆ ಕೇಳಿದ್ದಳು. "ಆತ ಎದ್ದ ಮ್ಯಾಲೆ ನಾ ಏನ್ ಮಾಡ್ಲಿ ಮೇಡಂ?"

"ನೀನೂ ಎದ್ದು ಸಾಲಿನಲ್ಲಿ ನಿಲ್ಲು, ಅಷ್ಟೇ" ಎಂದಿದ್ದೆ. ಅವಳು ಪ್ರತಿ ದಿನ ಹಾಗೇ ಎದ್ದು ನಿಂತಳು.

ವಾರ್ಷಿಕೋತ್ಸವ ಶನಿವಾರ ಸಂಜೆ. ಅತಿಥಿಗಳು, ಊರಿನವರು, ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹನುಮಂತಪ್ಪ. ಬಸವರಾಜ ಮಾತು ಮರೆತಲ್ಲೆಲ್ಲ ಮೀಸೆ ತಿರುವಿ ಕೆಮ್ಮುತ್ತಿದ್ದ, ಜನ ಅದನ್ನೇ ಹಠ ಎಂದು ತಿಳಿದರು. ನಾಟಕ ಹೇಗೋ ಕೊನೆಗೆ ಬಂತು. ಭರಮಪ್ಪನ ಹೆಣ ತಂದು ಮಲಗಿಸಿದರು. ಹುಲಿಗೆಮ್ಮ ಬಂದು ಪಕ್ಕದಲ್ಲಿ ಕೂತಳು. ಅಳಲಿಲ್ಲ. ಅವನ ಎದೆಯ ಮೇಲಿದ್ದ ಒದ್ದೆ ಟವಲನ್ನು ತೆಗೆದು, ಹಿಂಡಿ, ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಬಟ್ಟೆ ಒಗೆದು ಕೂತ ಹೆಂಗಸಿನಂತಿದ್ದಳು.

ಅಷ್ಟರಲ್ಲಿ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರು ಮಂಗಳದ ರಾಗ ಹಿಡಿದರು. ಭರಮಪ್ಪ ಎದ್ದ. ಧೋತರದ ಮಣ್ಣು ಝಾಡಿಸಿ, ಆರತಿ ತಟ್ಟೆ ಹಿಡಿದು ಮುಂದೆ ಬಂದು ನಿಂತ. ಸತ್ತ ಮಗನೂ ಬಂದ, ಪಂಚರೂ ಬಂದರು, ಪ್ರಾಂಶುಪಾಲರೂ ಶಾಲು ಹೊದ್ದು ಬಂದು ನಿಂತರು. ಎಲ್ಲರೂ ಹಾಡತೊಡಗಿದರು. ಹುಲಿಗೆಮ್ಮ ಏಳಲಿಲ್ಲ. ಅವರ ಬೆನ್ನ ಹಿಂದೆ, ಖಾಲಿ ನೆಲವನ್ನು ನೋಡುತ್ತ, ಟವಲು ಹಿಡಿದು ಹಾಗೇ ಕೂತಿದ್ದಳು. ಪ್ರಾಂಶುಪಾಲರು ಹಾಡಿನ ನಡುವೆಯೇ, "ಏಳವ್ವಾ, ಮುಗೀತು ಏಳು" ಎಂದು ಪಿಸುಗುಟ್ಟಿದರು. ಅವಳಿಗೆ ಕೇಳಿಸಿದ ಹಾಗಿರಲಿಲ್ಲ. ಜನ ಆರತಿಯನ್ನು ಬಿಟ್ಟು ಅವಳನ್ನೇ ನೋಡತೊಡಗಿದರು. ಹಾಡು ಒಬ್ಬೊಬ್ಬರ ಬಾಯಲ್ಲಿ ತೊದಲಿತು.

ಹನುಮಂತಪ್ಪ ಕುರ್ಚಿಯಿಂದ ಎದ್ದ. ಪಕ್ಕದ ಮೆಟ್ಟಿಲು ಹತ್ತಿ ರಂಗದ ಅಂಚಿಗೆ ಬಂದ. ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೋಗುತ್ತಾನೆ, ಅವಳ ಓದು ಇವತ್ತಿಗೆ ಮುಗಿಯಿತು ಎಂದುಕೊಂಡೆ. ಅವನು ಅಲ್ಲೇ ನಿಂತು ಮಗಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಹಗ್ಗ ಹಿಡಿದಿದ್ದ ಜವಾನನ ಕಡೆ ತಿರುಗಿ, ಕೆಳದನಿಯಲ್ಲಿ, "ಪರದಿ ಬಿಡಲೇ, ಜಲ್ದಿ" ಎಂದ.

ಪರದೆ ಬಿತ್ತು. ಮಂಗಳ ಅರ್ಧಕ್ಕೇ ನಿಂತಿತು. ಬಸವರಾಜ ಉರಿಯುವ ಆರತಿ ಹಿಡಿದು, ಪ್ರಾಂಶುಪಾಲರು ಬಾಯಿ ತೆರೆದುಕೊಂಡು, ಪರದೆಯ ಹೊರಗೇ ಉಳಿದರು. ಅತಿಥಿಗಳು ಭಾಷಣದಲ್ಲಿ ಸುಖಾಂತ್ಯದ ನಾಟಕಗಳು ಸಮಾಜಕ್ಕೆ ಹೆಚ್ಚು ಬೇಕು ಎಂದರು. ಹನುಮಂತಪ್ಪ ಮಗಳನ್ನು ಗಾಡಿಯ ಹಿಂದೆ ಕೂರಿಸಿಕೊಂಡು, ನನ್ನ ಮುಖ ನೋಡದೆ ಹೊರಟುಹೋದ.

ಭಾನುವಾರವಿಡೀ ನನಗೆ ಅನ್ನ ಸೇರಲಿಲ್ಲ. ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೋದರೆ, ಹನುಮಂತಪ್ಪ ವರಾಂಡದಲ್ಲಿ ನಿಂತಿದ್ದ, ಹಿಂದೆ ಹುಲಿಗೆಮ್ಮ. ಟಿ.ಸಿ. ಬೇಡ ಎಂದು ಹೇಳಲು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು.

"ಆ ಹುಡುಗನ್ನ ಕರಸ್ರಿ ಮೇಡಂ. ಹಾಲ್ ಬೀಗ ತಗಸ್ರಿ" ಎಂದ. ಕೈಚೀಲದಿಂದ ಆರತಿ ತಟ್ಟೆ, ಎಣ್ಣೆ, ಒಂದು ತೆಂಗಿನಕಾಯಿ ಹೊರಬಂದವು. "ಮಂಗಳ ನಾನ ಕೆಡಿಸೀನಿ, ನಾನ ಪೂರ್ತಿ ಮಾಡ್ಬೇಕು. ಅರ್ಧಕ್ಕ ಬಿಟ್ಟು ಮನಿಗೆ ಹೋಗೀನಿ ಅಂತ ಇವರವ್ವ ಎರಡು ದಿನದಿಂದ ಮಾತು ಬಿಟ್ಟಾಳ."

ಖಾಲಿ ಸಭಾಂಗಣ. ರಂಗದ ಮೇಲೆ ನಾವು ನಾಲ್ಕೇ ಜನ. ಬಸವರಾಜ ಪ್ಯಾಂಟು ಶರ್ಟಿನಲ್ಲಿ ಹೆದರಿ ನಿಂತಿದ್ದ. ಹನುಮಂತಪ್ಪ ದೀಪ ಹಚ್ಚಿದವನು, ಹಾಡಲು ಬಾಯಿ ತೆರೆದು, ತಡೆದು, ಮಗಳ ಕಡೆ ತಿರುಗಿದ. "ಮೊದ್ಲ ಇದು ಹೇಳು. ಅವತ್ತು ಯಾಕ ಏಳಲಿಲ್ಲ ನೀನು?"

"ಏಳ್ಬೇಕು ಅಂತನ ಇದ್ದೆ ಅಪ್ಪಾ. ಪ್ರಾಕ್ಟೀಸ್ನ್ಯಾಗ ಎದ್ದೀನಿ. ಆದ್ರ ಅವತ್ತು ಎದ್ದಾತ ಬಸವರಾಜ. ಭರಮಪ್ಪ ಎಲ್ಲಿ ಎದ್ದ? ಆತ ಅಲ್ಲೇ ಬಿದ್ದಿದ್ದ. ಒಬ್ಬನ್ನ ಬಿಟ್ಟು ಹೆಂಗ ಏಳ್ಲಿ?"

ಹನುಮಂತಪ್ಪ ಬೈಯುತ್ತಾನೆಂದುಕೊಂಡೆ. ಅವನು ತಟ್ಟೆಯನ್ನೇ ನೋಡುತ್ತ, "ನಾ ಎಷ್ಟು ಸಲ ಸತ್ತೀನೋ ಲೆಕ್ಕಿಲ್ಲ" ಎಂದ. "ಸತ್ತು, ಮಣ್ಣು ಝಾಡಿಸಿ ಎದ್ದು, ಮಂಗಳ ಹಾಡೀನಿ. ಹಿಂದ ಒಬ್ಬ ಅಲ್ಲೇ ಬಿದ್ದಾನ ಅಂತ ಒಂದ್ ಸಲನೂ ಹೊಳ್ಳಿ ನೋಡಿಲ್ಲ."

ಆಮೇಲೆ ಹಾಡಿದ. ಅದ್ಭುತ ಕಂಠ, ಪೇಟಿ ಬೇಕಾಗಲಿಲ್ಲ. ಹುಲಿಗೆಮ್ಮ ಅಪ್ಪನ ಪಕ್ಕದಲ್ಲಿ ನಿಂತು ದನಿಗೂಡಿಸಿದಳು. ಪದ ಮುಗಿದ ಮೇಲೆ ಕಾಯಿ ಒಡೆದು, ಒಂದು ಹೋಳನ್ನು ಬಸವರಾಜನ ಕೈಗೆ ಕೊಟ್ಟ. ಇನ್ನೊಂದನ್ನು ಒಯ್ದು ಭರಮಪ್ಪ ಮಲಗಿದ್ದ ಜಾಗದಲ್ಲಿ ಇಟ್ಟ.

"ಪರೀಕ್ಷಿ ಯಾವಾಗ ಐತ್ರಿ?" ಎಂದ ನನಗೆ. ಮುಂದಿನ ತಿಂಗಳು ಎಂದೆ. "ಮತ್ತ ಕ್ಲಾಸಿಗೆ ಕಳಸ್ರಿ ಆಕಿನ್ನ, ಇಲ್ಲೇನ್ ಮಾಡ್ತಾಳ" ಎಂದು ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಗಿರಣಿಗೆ ಹೊರಟ.

ಮಧ್ಯಾಹ್ನ ಅದೇ ತರಗತಿಗೆ ನನ್ನ ಪಾಠವಿತ್ತು. ಹುಲಿಗೆಮ್ಮ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಹೊನ್ನವ್ವನ ಬಗ್ಗೆ ಬರೆಸಿದ ಮೂರು ಅಂಶಗಳನ್ನು ಹೊಡೆದುಹಾಕಿ ಎಂದೆ. ಎಲ್ಲರೂ ವಿಧೇಯರಾಗಿ ಗೀಟು ಎಳೆದರು. ಹಿಂದಿನ ಬೆಂಚಿನಿಂದ ಒಬ್ಬ, ಪೆನ್ನು ಸಿದ್ಧ ಮಾಡಿಕೊಂಡು, "ಹೊಸಾದು ಬರಸ್ರಿ ಮೇಡಂ" ಎಂದ. ಬರೆಸಲು ನನ್ನ ಹತ್ತಿರ ಏನೂ ಇರಲಿಲ್ಲ. ಪುಸ್ತಕದ ಕೊನೆಯ ಪುಟ ತೆಗೆಯಿರಿ, ಹೊನ್ನವ್ವ ಹೆಣದ ಬಳಿ ಕೂರುವುದನ್ನು ಮತ್ತೆ ಓದೋಣ ಎಂದೆ.